ಎದುರಾಳಿಗೊಂದು ಚಪ್ಪಾಳೆ

2025ರ ಸೆಪ್ಟೆಂಬರ್ 28, ಭಾನುವಾರ ರಾತ್ರಿ. ದುಬೈಯಲ್ಲಿ ಏಷ್ಯಾ ಕಪ್ಪಿನ ಫೈನಲ್ ನಡೆದಿತ್ತು. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಇದ್ದೆವು. ಒಂದು ವಿಕೆಟ್ಟಿಗೆ 113 ರನ್ ಮಾಡಿದ್ದ ಪಾಕಿಸ್ತಾನ 146ಕ್ಕೆ ಕುಸಿದು ಬಿದ್ದಿತ್ತು. ಇನ್ನು ಆಟದಲ್ಲಿ ಏನೂ ಉಳಿದಿಲ್ಲ, ಊಟ ಮುಗಿಸೋಣ ಎಂದು ಏಳುವಷ್ಟರಲ್ಲಿ ನಮ್ಮವರ ಮೂರು ವಿಕೆಟ್‌ಗಳು 20 ರನ್ನಿಗೇ ಹೋದವು. ಅದರಲ್ಲಿ ಎರಡು ಫಹೀಮ್ ಅಶ್ರಫ್ ಕಿತ್ತದ್ದು. ಕೊನೆಗೆ ತಿಲಕ್ ವರ್ಮಾ 69 ರನ್ ಗಳಿಸಿ ಔಟಾಗದೆ ನಿಂತು, ಇನ್ನೆರಡು ಚೆಂಡು ಉಳಿದಿರುವಾಗ ಪಂದ್ಯವನ್ನು ದಡ ಮುಟ್ಟಿಸಿದರು. ಬೀದಿಯಲ್ಲಿ ಪಟಾಕಿ ಸಿಡಿಯಿತು. ನಮ್ಮ ಮನೆಯವರು ತಣ್ಣಗಾದ ಸಾರನ್ನು ಮತ್ತೆ ಒಲೆಯ ಮೇಲಿಟ್ಟರು.

ಏಳನೇ ಕ್ಲಾಸಿನಲ್ಲಿ ಓದುವ ಮಗ ಮಲಗುವ ಮುಂಚೆ ನಮ್ಮ ಹತ್ತಿರ ಬಂದ. ದಸರಾ ರಜೆಯ ದಿನಗಳು. ಬೆಳಗಾದರೆ ಅವನ ಗುಂಪು ಗ್ರೌಂಡಿನಲ್ಲಿರುತ್ತದೆ. ‘ಅಬ್ಬಾ, ಫಹೀಮ್ ಬೌಲಿಂಗ್ ಚೆನ್ನಾಗಿತ್ತು ಅಂತ ನಾಳೆ ಗ್ರೌಂಡಲ್ಲಿ ಹೇಳಬಹುದಾ?’ ಎಂದು ಕೇಳಿದ.

‘ಬೇಡ ಬೇಟಾ, ಆ ಮಾತು ಎತ್ತಬೇಡ’ ಎಂದೆವು.

‘ಯಾಕೆ, ಚೆನ್ನಾಗಿರಲಿಲ್ವಾ?’

ಉತ್ತರ ಕೊಡಲಾಗಲಿಲ್ಲ. ಹೊತ್ತಾಯಿತು, ಮಲಗು ಎಂದು ಕಳುಹಿಸಿಬಿಟ್ಟೆವು. ಇಪ್ಪತ್ತು ವರ್ಷಗಳಿಂದ ಕತೆ ಬರೆಯುತ್ತಾ, ಕತೆಗಳಲ್ಲಿ ಇನ್ಸಾಫಿನ ಮಾತಾಡುತ್ತಾ ಬಂದವರು ನಾವು. ಹನ್ನೆರಡು ವರ್ಷದ ಹುಡುಗ ತಾನು ಕಣ್ಣಾರೆ ಕಂಡದ್ದನ್ನು ಹೇಳಬಹುದೇ ಎಂದು ಕೇಳಿದರೆ ಬೇಡವೆಂದೆವು. ಅವನು ಪಾಕಿಸ್ತಾನ ಗೆಲ್ಲಬೇಕಿತ್ತು ಎಂದಿರಲಿಲ್ಲ. ತಿಲಕ್ ವರ್ಮಾ ಸಿಕ್ಸರ್ ಹೊಡೆದಾಗ ಸೋಫಾದ ಮೇಲೆ ಕುಣಿದವನೂ ಅವನೇ. ಅವನು ಕೇಳಿದ್ದು ಎದುರು ಪಕ್ಷದವನು ಚೆನ್ನಾಗಿ ಆಡಿದರೆ ಹಾಗೆನ್ನಲು ನಮಗೆ ಹಕ್ಕಿದೆಯೇ ಎಂದು ಮಾತ್ರ. ಕೊನೆಯ ಓವರಿನವರೆಗೆ ಎಳೆದಾಡಿದ ಪಂದ್ಯದಲ್ಲಿ ಎದುರಾಳಿಯೂ ಚೆನ್ನಾಗಿ ಆಡಿರಲೇಬೇಕು ಎಂಬುದು ಸಣ್ಣ ಮಕ್ಕಳಿಗೂ ತಿಳಿಯುವ ವಿಷಯ.

ನಮ್ಮ ಬಾಯಿಗೆ ಅಷ್ಟು ಸಲೀಸಾಗಿ ಬಂದ ಆ ‘ಬೇಡ’ದ ಬೇರು ಹುಡುಕಿದರೆ ಅದು 1987ರ ಮಾರ್ಚ್‌ಗೆ, ಇದೇ ಊರಿನ ಒಂದು ಟೆಸ್ಟ್ ಪಂದ್ಯಕ್ಕೆ ಹೋಗಿ ಮುಟ್ಟುತ್ತದೆ.

ಆ ಸಲ ಇಮ್ರಾನ್ ಖಾನರ ತಂಡ ಐದು ಟೆಸ್ಟ್ ಆಡಲು ಬಂದಿತ್ತು. ಮದ್ರಾಸು, ಕಲ್ಕತ್ತಾ, ಜೈಪುರ, ಅಹಮದಾಬಾದ್, ನಾಲ್ಕು ಕಡೆಯೂ ಡ್ರಾ. ಅಹಮದಾಬಾದಿನಲ್ಲಿ ಕಲ್ಲು ಬಿದ್ದು, ಬೌಂಡರಿಯ ಹತ್ತಿರದ ಫೀಲ್ಡರುಗಳು ಹೆಲ್ಮೆಟ್ ಹಾಕಿಕೊಂಡು ನಿಲ್ಲಬೇಕಾಯಿತು. ಐದನೆಯದು ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ. ಮಾರ್ಚ್ 13ರ ಶುಕ್ರವಾರ ಶುರುವಾಯಿತು. ಪಿಚ್ ಮೊದಲ ದಿನದಿಂದಲೇ ಚೆಂಡನ್ನು ತಿರುಗಿಸತೊಡಗಿತು. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಮುಗಿಸಿದರು. ಜುಮಾ ಮುಗಿಸಿ ಹೊರಬಂದವರು ಚಪ್ಪಲಿ ಮೆಟ್ಟುವ ಮುಂಚೆಯೇ ಸ್ಕೋರ್ ಕೇಳುತ್ತಿದ್ದರೆಂದು ಅಬ್ಬಾ ಹೇಳುತ್ತಿದ್ದರು. ಪಂದ್ಯ ನಮ್ಮದೇ ಎಂದು ಊರಿಗೆ ಊರೇ ತೀರ್ಮಾನಿಸಿಬಿಟ್ಟಿತ್ತು. ಆದರೆ ಮಾರನೆಯ ದಿನ ಭಾರತವೂ 145ಕ್ಕೆ ಮುಗಿಯಿತು. ಎಡಗೈ ಸ್ಪಿನ್ನರ್ ಇಕ್ಬಾಲ್ ಖಾಸಿಂ, ಆಫ್ ಸ್ಪಿನ್ನರ್ ತೌಸೀಫ್ ಅಹ್ಮದ್ ಐದೈದು ವಿಕೆಟ್ ಹಂಚಿಕೊಂಡರು. ಎರಡನೇ ಸರದಿಯಲ್ಲಿ ಪಾಕಿಸ್ತಾನ 249. ನಮಗೆ ಬೇಕಾದದ್ದು 221. ನಡುವೆ ಒಂದು ದಿನ ಬಿಡುವು. ಆಗೆಲ್ಲ ಟೆಸ್ಟ್ ಪಂದ್ಯಕ್ಕೂ ಬಿಡುವಿನ ದಿನ ಇರುತ್ತಿತ್ತು. ಜಗಳವಾಡುವವರು ನಡುವೆ ಕೂತು ನೀರು ಕುಡಿದ ಹಾಗೆ.

ಸುನಿಲ್ ಗಾವಸ್ಕರ್ ಆ ಪಿಚ್ಚಿನ ಮೇಲೆ ಐದು ಗಂಟೆಗೂ ಹೆಚ್ಚು ಹೊತ್ತು ನಿಂತರು. ಒಂದು ಚೆಂಡು ಎದೆಗೆ ಏಳುತ್ತಿತ್ತು, ಇನ್ನೊಂದು ಕಾಲ ಬೆರಳಿಗೆ ಹರಿಯುತ್ತಿತ್ತು. ಉಳಿದವರಲ್ಲಿ ಒಬ್ಬರೂ ಮೂವತ್ತು ಮುಟ್ಟಲಿಲ್ಲ. ಅಜರುದ್ದೀನ್ 26, ವೆಂಗ್‌ಸರ್ಕಾರ್ 19, ನಾಯಕ ಕಪಿಲ್ ದೇವ್ 2. ಸ್ಕೋರು 180 ಆಗಿದ್ದಾಗ ಖಾಸಿಂ ಎಸೆದ ಚೆಂಡೊಂದು ಪುಟಿದೆದ್ದು ಸ್ಲಿಪ್‌ನಲ್ಲಿ ರಿಝ್ವಾನುಝ್ಝಮಾನ್ ಕೈಸೇರಿತು. ಗಾವಸ್ಕರ್ 96. ಅದು ಅವರ ಕೊನೆಯ ಟೆಸ್ಟ್ ಇನಿಂಗ್ಸ್ ಆಯಿತು. ಆಮೇಲೆ ನಮ್ಮ ಊರಿನವರೇ ಆದ ರೋಜರ್ ಬಿನ್ನಿ ಒಂದಷ್ಟು ಆಸೆ ಹುಟ್ಟಿಸಿದರು. ಗುರಿ ಹದಿನೇಳು ರನ್ನಿಗೆ ಇಳಿದಾಗ ಅವರೂ ತೌಸೀಫ್ ಚೆಂಡಿನಲ್ಲಿ ಕೀಪರ್ ಸಲೀಮ್ ಯೂಸುಫ್‌ಗೆ ಕ್ಯಾಚ್ ಕೊಟ್ಟರು. 204. ಹದಿನಾರು ರನ್ನಿನ ಸೋಲು. ಭಾರತದ ನೆಲದಲ್ಲಿ ಪಾಕಿಸ್ತಾನ ಟೆಸ್ಟ್ ಸರಣಿ ಗೆದ್ದದ್ದು ಅದೇ ಮೊದಲು.

ಆಗ ನಮಗೆ ಏಳು ವರ್ಷ. ಮನೆ ಯಶವಂತಪುರದಲ್ಲಿತ್ತು. ಅಬ್ಬಾ ಕೂಗಳತೆಯ ದೂರದ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಟರ್ನರ್ ಕೆಲಸ ಮಾಡುತ್ತಿದ್ದರು. ಉರ್ದು ಸ್ಕೂಲಿನಿಂದ ಬಂದ ಮೇಲೆ ಆಪಾಳ ಜೊತೆ ಅವರಿಗೆ ಬುತ್ತಿ ಒಯ್ಯುವುದು ನಮ್ಮ ಕೆಲಸ. ಆ ಮಂಗಳವಾರ ಹೋದಾಗ ಲೇತ್ ನಿಂತಿತ್ತು. ಮಾಲೀಕರು ಮನೆಯಿಂದ ಕಪ್ಪುಬಿಳುಪಿನ ಟಿ.ವಿ.ಯನ್ನು ತಂದು ಆಫೀಸು ಕೋಣೆಯ ಮೇಜಿನ ಮೇಲಿಟ್ಟಿದ್ದರು. ಎಣ್ಣೆ ಕೈಗಳ ಏಳೆಂಟು ಜನ ಅದರ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಗಾವಸ್ಕರ್ ಔಟಾದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮೊದಲು ಬಾಯಿ ತೆರೆದವರು ಮಾಲೀಕರೇ. ‘ಎಂಥಾ ಬಾಲ್ ಹಾಕಿದ್ನಯ್ಯಾ ಆ ಖಾಸಿಂ! ಇನ್ಯಾರಾದ್ರೂ ಆಗಿದ್ರೆ ಬ್ಯಾಟಿಗೂ ತಾಗ್ತಿರ್ಲಿಲ್ಲ’ ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅಬ್ಬಾ ಕಡೆ ತಿರುಗಿ, ‘ಏನಂತೀರಿ ಸಾಬ್ರೇ?’ ಎಂದರು.

ಅಬ್ಬಾ ನಮ್ಮ ಕೈಯಿಂದ ಬುತ್ತಿ ತೆಗೆದುಕೊಂಡು, ‘ಸೆಂಚುರಿ ಹೋಯ್ತಲ್ಲ ಸಾರ್, ಪಾಪ’ ಎಂದರು.

ಇಷ್ಟೇ ನಡೆದದ್ದು. ನಮಗಾಗ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಬಹಳ ವರ್ಷಗಳ ನಂತರ ಅಬ್ಬಾ ತಾವಾಗಿಯೇ ಆ ಮಾತು ತೆಗೆದು, ‘ಆ ಬಾಲ್ ಬಗ್ಗೆ ಮೊದಲು ಹೇಳಬೇಕೂಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಅವರು ಹೇಳಿಬಿಟ್ಟರು, ಒಳ್ಳೆಯದೇ ಆಯಿತು’ ಎಂದು ನಕ್ಕರು. ಮಾಲೀಕರು ಕೆಟ್ಟವರಲ್ಲ, ಕುಹಕದಿಂದ ಕೇಳಿದವರೂ ಅಲ್ಲ. ಆಪಾಳ ಮದುವೆಗೆ ಸಾಲ ಕೊಟ್ಟು ಬಡ್ಡಿ ಬೇಡವೆಂದವರು. ಅಬ್ಬಾ ಆಡಿದ್ದೂ ಸುಳ್ಳಲ್ಲ. ಸೆಂಚುರಿ ಹೋದದ್ದು ನಿಜ, ಅದಕ್ಕೆ ಅವರ ಹೊಟ್ಟೆ ಉರಿದದ್ದೂ ನಿಜ. ಆದರೆ ಆ ಹೊತ್ತಿನಲ್ಲಿ ಕೋಣೆಯಲ್ಲಿದ್ದದ್ದು ಎರಡು ಸತ್ಯಗಳು. ಒಂದನ್ನು ಮಾಲೀಕರು ಯಾವ ಯೋಚನೆಯೂ ಇಲ್ಲದೆ ಆಡಿದರು. ಅದೇ ಮಾತು ಅಬ್ಬಾ ಬಾಯಿಂದ ಬಂದಿದ್ದರೆ ಅದರ ತೂಕ ಬೇರೆಯಾಗುತ್ತಿತ್ತು. ಅದಕ್ಕೆ ಅವರು ತಮ್ಮ ಪಾಲಿಗೆ ಹಗುರವಾದ ಸತ್ಯವನ್ನು ಆರಿಸಿಕೊಂಡರು.

ಆ ಟೆಸ್ಟಿನ ಬಗ್ಗೆ ಇನ್ನೊಂದು ಕತೆಯಿದೆ. ಅದನ್ನು ಪಾಕಿಸ್ತಾನದ ಆಟಗಾರರೇ ಮುಂದೆ ಹಲವು ಸಲ ಹೇಳಿದ್ದಾರೆ. ಮೊದಲ ದಿನದ ಆಟ ಮುಗಿದ ಸಂಜೆ ಖಾಸಿಂ ಮತ್ತು ತೌಸೀಫ್ ಅವರಿಗೆ ಬಿಷನ್ ಸಿಂಗ್ ಬೇಡಿ ಸಿಕ್ಕರು. 266 ಟೆಸ್ಟ್ ವಿಕೆಟ್ ಪಡೆದ, ಭಾರತದ ನಾಯಕರೂ ಆಗಿದ್ದ ಎಡಗೈ ಸ್ಪಿನ್ನರ್. ಈ ಪಿಚ್ಚಿನಲ್ಲಿ ಹೇಗೆ ಬೌಲ್ ಮಾಡಬೇಕೆಂದು ಇವರು ಕೇಳಿದರು, ಅವರು ಹೇಳಿದರು. ಸಲಹೆಯ ತಿರುಳು ಇಷ್ಟು: ಚೆಂಡನ್ನು ತಿರುಗಿಸುವ ಕೆಲಸವನ್ನು ಪಿಚ್ಚೇ ಮಾಡುತ್ತಿರುವಾಗ ನೀವು ಹೆಚ್ಚು ತಿರುಗಿಸಲು ಹೋಗಬೇಡಿ, ನೇರಕ್ಕೆ ಹಾಕಿ. ಕೇಳಲು ಸಣ್ಣ ಮಾತು. ಆದರೆ ಸ್ಪಿನ್ ಬೌಲಿಂಗಿನ ಮರ್ಮವೆಲ್ಲ ಅದರಲ್ಲಿದೆ. ವಿಪರೀತ ತಿರುಗಿದ ಚೆಂಡು ಬ್ಯಾಟನ್ನು ತಪ್ಪಿಸಿಕೊಂಡು ಹೋಗುತ್ತದೆ, ಪ್ರೇಕ್ಷಕರು ಹೌಹಾರುತ್ತಾರೆ, ವಿಕೆಟ್ ಬೀಳುವುದಿಲ್ಲ. ಅಳತೆಯಾಗಿ ತಿರುಗಿದ್ದು ಮಾತ್ರ ಬ್ಯಾಟಿನ ಅಂಚು ಸವರುತ್ತದೆ. ಪಂದ್ಯದಲ್ಲಿ ಆ ಇಬ್ಬರು ಕೂಡಿ ಕಿತ್ತದ್ದು 18 ವಿಕೆಟ್. ಬೇಡಿಯವರನ್ನು ದೂರಿದವರೂ ಇದ್ದರು. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಯಾರನ್ನೂ ಲೆಕ್ಕಿಸದೆ ತಮಗನಿಸಿದ್ದನ್ನೇ ಆಡುತ್ತಾ ಬಾಳಿದರು.

ಬೇಡಿ ಮಾಡಿದ್ದು ಸರಿಯೇ? ನಮ್ಮ ಗೆಳೆಯರಲ್ಲಿ ಇದರ ಬಗ್ಗೆ ಎಷ್ಟೋ ರಾತ್ರಿಗಳ ವಾದ ನಡೆದಿದೆ. ಸರಿಯೆಂದೇ ನಮ್ಮ ಅಭಿಪ್ರಾಯ. ಬಲ್ಲವನ ಹತ್ತಿರ ಬಂದು ಕೇಳಿದವನಿಗೆ ವಿದ್ಯೆಯನ್ನು ಬಚ್ಚಿಡಬಾರದೆಂದು ನಮ್ಮ ಮದ್ರಸಗಳಲ್ಲೂ ಕಲಿಸುತ್ತಾರೆ, ಗುರುಕುಲಗಳಲ್ಲೂ ಕಲಿಸಿದ್ದಾರೆ. ಬೇಡಿ ತಂಡದ ಗುಟ್ಟೇನೂ ಹೇಳಿಕೊಡಲಿಲ್ಲ. ತಮ್ಮ ಕಸುಬಿನವರಿಗೆ ಕಸುಬು ಹೇಳಿಕೊಟ್ಟರು. ಆದರೂ ಒಂದು ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಆ ಸಂಜೆ ಅದೇ ಸಲಹೆಯನ್ನು ಕೊಟ್ಟವರು ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿ ಆಗಿದ್ದರೆ? ಬೇಡಿ, ಪ್ರಸನ್ನ, ಚಂದ್ರಶೇಖರ್ ಚೆಂಡುಗಳನ್ನು ವಿಕೆಟ್ ಹಿಂದೆ ನಿಂತು ವರ್ಷಗಟ್ಟಲೆ ಹಿಡಿದವರು, 1983ರಲ್ಲಿ ವಿಶ್ವಕಪ್ ಗೆದ್ದ ತಂಡದವರು. ಸ್ಪಿನ್ ಬಗ್ಗೆ ಅವರಿಗೂ ಗೊತ್ತಿಲ್ಲದ್ದೇನಿರಲಿಲ್ಲ. ಅವರು ಹೇಳಿದ್ದರೆ ಅದು ‘ಕಲೆಗೆ ಗಡಿಯಿಲ್ಲ’ ಎಂಬ ಲೆಕ್ಕಕ್ಕೆ ಬರುತ್ತಿತ್ತೇ? ಓದುಗರು ತಮ್ಮ ಎದೆ ಮುಟ್ಟಿಕೊಂಡು ಉತ್ತರಿಸಲಿ.

ಹಾಗಾದರೆ ನಮ್ಮ ತಂಡವೇ ಗೆಲ್ಲಲಿ ಎಂದು ಬಯಸುವುದರಲ್ಲಿ ಏನಾದರೂ ತಪ್ಪಿದೆಯೇ? ಖಂಡಿತ ಇಲ್ಲ. ಯಾರ ಪಕ್ಷವನ್ನೂ ವಹಿಸದೆ ಆಟ ನೋಡುವವನು ಆಟವನ್ನು ಅರ್ಧವೇ ನೋಡುತ್ತಾನೆ. ಎದೆ ಬಡಿದುಕೊಳ್ಳದಿದ್ದರೆ ಹದಿನಾರು ರನ್ನಿಗೂ ನೂರ ಅರವತ್ತು ರನ್ನಿಗೂ ವ್ಯತ್ಯಾಸವೇ ಇಲ್ಲ. ಅಸಬಿಯ್ಯತ್ ಬಗ್ಗೆ ಉಲಮಾಗಳು ವಿವರಿಸುವಾಗ, ತನ್ನವರನ್ನು ಪ್ರೀತಿಸುವುದು ಅಸಬಿಯ್ಯತ್ ಅಲ್ಲ, ತನ್ನವರ ಅನ್ಯಾಯಕ್ಕೆ ಒತ್ತಾಸೆಯಾಗುವುದು ಅಸಬಿಯ್ಯತ್ ಎಂದು ಬಿಡಿಸಿ ಹೇಳುವುದನ್ನು ಕೇಳಿದ್ದೇವೆ. ಪ್ರೇಕ್ಷಕನ ವಿಷಯದಲ್ಲಿ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆಸೆ ನಮ್ಮ ತಂಡದ ಕಡೆಗಿರಲಿ. ಕಣ್ಣು ಮಾತ್ರ ಸಾಕ್ಷಿಯ ಕಣ್ಣಾಗಿರಬೇಕು. ಸಾಕ್ಷಿ ತನ್ನ ಮನೆಯವರಿಗೆ ನಷ್ಟವಾದರೂ ಕಂಡದ್ದನ್ನೇ ಹೇಳಬೇಕು. ಗವಾಹಿಯನ್ನು ಮುಚ್ಚಿಡುವುದು ಪಾಪವೆಂದು ಜುಮಾ ಖುತ್ಬಾಗಳಲ್ಲಿ ಅದೆಷ್ಟು ಸಲ ಕೇಳಿಲ್ಲ. ಇನ್ನು ಕ್ರಿಕೆಟ್ ನೋಡುವುದೇ ಹೊತ್ತು ಹಾಳು ಮಾಡುವ ಕೆಲಸ ಎನ್ನುತ್ತಿದ್ದ ನಮ್ಮ ಮೊಹಲ್ಲಾದ ಮೌಲಾನಾ ಸಾಹೇಬರೊಬ್ಬರೂ ಇದ್ದರು. ಇಶಾ ನಮಾಝಿನ ನಂತರ ಯಾರಾದರೂ ಹುಡುಗನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ‘ಎಷ್ಟಾಯಿತು?’ ಎಂದು ಕೇಳದೆ ಅವರಿಗೂ ನಿದ್ದೆ ಬರುತ್ತಿರಲಿಲ್ಲ.

ಸಾಕ್ಷಿಯ ಕಣ್ಣಿಗೆ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1980ರಲ್ಲಿ ಮುಂಬಯಿಯ ಜ್ಯೂಬಿಲಿ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಅವರಿಗೆ ಅಂಪೈರ್ ಔಟ್ ಕೊಟ್ಟ ಮೇಲೆ, ಔಟಲ್ಲವೆಂದು ಕಂಡಿದ್ದ ನಾಯಕ ಗುಂಡಪ್ಪ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಸೋತಿತು. ಅಬ್ಬಾ ಈ ಕತೆಯನ್ನು ಪವಾಡ ಪುರುಷರ ಕತೆಯ ಹಾಗೆ ಹೇಳುತ್ತಿದ್ದರು.

ಹೀಗೆ ಬರೆಯುತ್ತಾ ಹೋದರೆ ತಪ್ಪೆಲ್ಲ ಪ್ರಶ್ನೆ ಕೇಳುವವರದೇ, ನಾವು ಬರೀ ಪಾಪದವರು ಎಂಬಂತಾಗುತ್ತದೆ. ಅದು ನಿಜವಲ್ಲ. 1996ರ ಮಾರ್ಚ್ 9ರಂದು ನಾವೇನು ಮಾಡಿದೆವೆಂದು ಹೇಳಲೇಬೇಕು.

ಅಂದು ವಿಶ್ವಕಪ್ ಕ್ವಾರ್ಟರ್ ಫೈನಲ್. ಮತ್ತೆ ಚಿನ್ನಸ್ವಾಮಿ ಮೈದಾನ, ಮತ್ತೆ ಭಾರತ–ಪಾಕಿಸ್ತಾನ. ನಾವಾಗ ಆರ್.ಟಿ. ನಗರಕ್ಕೆ ಬಂದಿದ್ದೆವು. ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ, ಹದಿನಾರು ವರ್ಷ, ಒಂದೇ ಬೀದಿಯ ಏಳೆಂಟು ಹುಡುಗರ ಗುಂಪು. ಕೇಬಲ್‌ನವನ ಅಂಗಡಿಯಲ್ಲಿ ಕಲರ್ ಟಿ.ವಿ. ಮುಂದೆ ನಿಂತು ನೋಡಿದೆವು. ವಖಾರ್ ಯೂನಿಸ್ ಅವರ ಕೊನೆಯ ಎರಡು ಓವರುಗಳಲ್ಲಿ 40 ರನ್ ಬಂದವು. ಅಜಯ್ ಜಡೇಜ 25 ಚೆಂಡಿನಲ್ಲಿ 45 ಹೊಡೆದರು. ಆಮೇಲೆ ಅಮೀರ್ ಸೊಹೇಲ್ ಬೌಂಡರಿ ಬಾರಿಸಿ ನಮ್ಮ ವೆಂಕಟೇಶ್ ಪ್ರಸಾದ್ ಕಡೆ ಬ್ಯಾಟು ತೋರಿಸಿ ಏನೋ ಅಂದದ್ದು, ಮುಂದಿನ ಚೆಂಡಿಗೇ ಅವರ ಆಫ್ ಸ್ಟಂಪು ಹಾರಿದ್ದು ಎಲ್ಲರಿಗೂ ನೆನಪಿರುತ್ತದೆ. ನಾವು ಕುಣಿದೆವು. ಆ ಕುಣಿತ ಕಪಟವಲ್ಲ, ಪ್ರಸಾದ್ ನಮ್ಮ ಊರಿನ ಹುಡುಗ. ಆದರೆ ಕುಣಿಯುವಾಗಲೂ ಕಣ್ಣಂಚಿನಲ್ಲಿ ಯಾರು ನೋಡುತ್ತಿದ್ದಾರೆಂದು ಗಮನಿಸುತ್ತಿದ್ದೆವು. ಪಂದ್ಯ 39 ರನ್ನಿನಿಂದ ಗೆದ್ದ ಮೇಲೆ ಚಂದಾ ಎತ್ತಿ ಬೀದಿಯಲ್ಲೇ ಎಲ್ಲರಿಗಿಂತ ಉದ್ದದ ಪಟಾಕಿ ಸರ ತಂದು ಮೇನ್ ರೋಡಿಗೆ ಕೇಳಿಸುವ ಹಾಗೆ ಹಚ್ಚಿದೆವು. ಅರ್ಧ ಸಂತೋಷಕ್ಕೆ, ಇನ್ನರ್ಧ ಸುಂಕ ಕಟ್ಟಿದ ಹಾಗೆ.

ನಮ್ಮ ಗುಂಪಿನಲ್ಲಿ ಒಬ್ಬ ಎಡಗೈಯವನಿದ್ದ. ಉಣ್ಣುವುದಕ್ಕೆ ಮನೆಯಲ್ಲಿ ಬೈದು ಬಲಗೈ ರೂಢಿ ಮಾಡಿಸಿದ್ದರು, ಬೌಲಿಂಗಿಗೆ ಮಾತ್ರ ಎಡಗೈಯೇ. ವಾಸಿಂ ಅಕ್ರಮ್ ಅಂದರೆ ಅವನಿಗೆ ಪ್ರಾಣ. ಪತ್ರಿಕೆಯಿಂದ ಕತ್ತರಿಸಿದ ಅಕ್ರಮ್ ಚಿತ್ರವೊಂದನ್ನು ಜಾಮಿಟ್ರಿ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದ. ಚೆಂಡು ಕೈಬಿಡುವ ಕ್ಷಣದ ಚಿತ್ರ ಅದು. ಮಣಿಕಟ್ಟು ಹೇಗಿದೆ ನೋಡಿ ಎಂದು ನಮಗೆಲ್ಲ ತೋರಿಸುತ್ತಿದ್ದ. ಆ ರಾತ್ರಿ ಅಕ್ರಮ್ ಗಾಯದಿಂದಾಗಿ ಆಡಲಿಲ್ಲ. ಪಟಾಕಿ ಹಚ್ಚುವಾಗ ಇವನು ಮೆಲ್ಲಗೆ, ‘ಅಕ್ರಮ್ ಇದ್ದಿದ್ರೆ ಕೊನೆ ಓವರಲ್ಲಿ ಹಾಗೆ ಹೊಡೆಸಿಕೊಳ್ತಿರಲಿಲ್ಲ’ ಎಂದ.

ಅಷ್ಟಕ್ಕೇ ನಾವು ಅವನ ಮೇಲೆ ಬಿದ್ದೆವು. ನಿನ್ನಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು ಎಂದೆವು. ಬೇರೆಯವರು ನಮ್ಮನ್ನು ಕೇಳುತ್ತಾರೆಂದು ಹೆದರುತ್ತಿದ್ದ ಪ್ರಶ್ನೆಗಳನ್ನೆಲ್ಲ ನಾವೇ ಅವನಿಗೆ ಕೇಳಿದೆವು. ನೀನು ಯಾರ ಕಡೆ, ಅಲ್ಲಿಗೇ ಹೋಗು, ಇತ್ಯಾದಿ. ಅಂಗಡಿಯ ಮುಂದೆ ನಿಂತಿದ್ದ ಉಳಿದವರು ಇದನ್ನು ಬೆರಗಾಗಿ ನೋಡುತ್ತಿದ್ದರು. ಅವರಲ್ಲಿ ಒಬ್ಬರೂ ಅವನನ್ನು ಏನೂ ಅಂದಿರಲಿಲ್ಲ. ಮಾರನೆಯ ದಿನ ಅವನ ಜಾಮಿಟ್ರಿ ಬಾಕ್ಸ್ ಕಿತ್ತುಕೊಂಡು ಆ ಚಿತ್ರವನ್ನು ಹರಿದು ಹಾಕಿದೆವು. ಹರಿದ ಕೈ ಯಾರದೆಂದು ಇಲ್ಲಿ ‘ನಾವು’ ಎಂಬ ಮಾತಿನ ಹಿಂದೆ ಅಡಗಿಕೊಳ್ಳುವುದು ಸರಿಯಲ್ಲ. ಅದು ಈ ಲೇಖನ ಬರೆಯುತ್ತಿರುವ ಕೈಯೇ. ಅವನು ಅಳಲಿಲ್ಲ, ಜಗಳವಾಡಲಿಲ್ಲ. ‘ಅವನು ಎಡಗೈಯಲ್ಲಿ ಹಾಕ್ತಾನೆ ಕಣ್ರೋ, ಅಷ್ಟೇ’ ಎಂದ. ಆ ಬೇಸಿಗೆಯೆಲ್ಲ ನಮ್ಮ ಜೊತೆ ಆಡಲು ಬರಲಿಲ್ಲ.

ಅತ್ತ ಪಾಕಿಸ್ತಾನದಲ್ಲಿ ಅದೇ ಅಕ್ರಮ್ ಬೇಕೆಂದೇ ಆಡಲಿಲ್ಲ, ಪಂದ್ಯ ಮಾರಿಕೊಂಡ ಎಂದು ಜನ ಅವರ ಪ್ರತಿಕೃತಿ ಸುಟ್ಟರು. ನಿಷ್ಠೆಯ ಪರೀಕ್ಷೆಗೆ ಗಡಿಯ ಎರಡು ಕಡೆಯೂ ಒಂದೇ ಪ್ರಶ್ನೆಪತ್ರಿಕೆ.

ಇನ್ನೊಂದು ಮಾತನ್ನೂ ಬಚ್ಚಿಡಬಾರದು. ಪಾಕಿಸ್ತಾನ ಗೆದ್ದರೆ ಒಳಗೊಳಗೇ ಖುಷಿಪಡುವವರು ನಮ್ಮಲ್ಲಿ ಇರಲೇ ಇಲ್ಲವೆಂದು ಹೇಳಿದರೆ ಅದೂ ಸುಳ್ಳು ಸಾಕ್ಷಿಯೇ. ಇದ್ದರು. ಆ ದೇಶವನ್ನು ಕಂಡವರಲ್ಲ, ಅಲ್ಲಿ ನೆಂಟರಿದ್ದವರಲ್ಲ, ಅಲ್ಲಿ ಬದುಕಲು ಹೋಗೆಂದರೆ ಒಂದು ದಿನವೂ ಹೋಗುವವರಲ್ಲ. ಮನೆಯಲ್ಲಿ ಸುಮ್ಮಸುಮ್ಮನೆ ಬೈಸಿಕೊಂಡ ಮಗು ಪಕ್ಕದ ಮನೆಯ ಅಡುಗೆಯನ್ನು ಹೊಗಳುವ ಹಾಗೆ, ಅದೊಂದು ಮುನಿಸು. ಮುನಿಸಿಗೆ ಕಾರಣವಿರಬಹುದು. ಆದರೆ ಆ ಖುಷಿಯನ್ನು ನಾವು ಆಟದ ಪ್ರೀತಿಯೆಂದು ಒಪ್ಪಲಾರೆವು. ಅಂಥವರಿಗೆ ಗಾವಸ್ಕರರ 96 ಕಾಣಿಸುವುದಿಲ್ಲ. ಖಾಸಿಂರ ಚೆಂಡು ಕಾಣಿಸದವರಿಗೂ ಇವರಿಗೂ ಏನು ವ್ಯತ್ಯಾಸ?

1999ರ ಜನವರಿ 31ರ ಭಾನುವಾರ ಚೆನ್ನೈಯ ಚೆಪಾಕ್‌ನಲ್ಲಿ ಮತ್ತೊಂದು ಅಂಥ ಟೆಸ್ಟ್ ಮುಗಿಯಿತು. 271ರ ಗುರಿ, ಬೆನ್ನುನೋವಿನಲ್ಲೂ ತೆಂಡೂಲ್ಕರ್ 136, ಗೆಲುವು ಕೈಗೆಟುಕುವಂತಿದ್ದಾಗ ಸಕ್ಲೇನ್ ಮುಷ್ತಾಕ್ ಬೌಲಿಂಗಿಗೆ ಔಟು. 258ಕ್ಕೆ ಎಲ್ಲ ಮುಗಿದು ಹನ್ನೆರಡು ರನ್ನಿನ ಸೋಲು. ಚೆಪಾಕ್ ಒಂದು ಗಳಿಗೆ ಸ್ತಬ್ಧವಾಯಿತು. ಆಮೇಲೆ ಜನ ಒಬ್ಬೊಬ್ಬರಾಗಿ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಪಾಕಿಸ್ತಾನದ ಆಟಗಾರರು ಮೈದಾನಕ್ಕೆ ಒಂದು ಸುತ್ತು ಬಂದರು, ಚಪ್ಪಾಳೆ ನಿಲ್ಲಲಿಲ್ಲ. ಟಿ.ವಿ. ಮುಂದೆ ಕುಳಿತಿದ್ದ ಅಬ್ಬಾ ತಾವೂ ಎದ್ದು ನಿಂತರು. ನಿಂತು ಚಪ್ಪಾಳೆ ತಟ್ಟಿದರು. ಅಮ್ಮಿ ಅಡುಗೆ ಮನೆಯಿಂದ ಬಂದವರು ಅವರನ್ನೊಮ್ಮೆ, ತೆರೆದ ಬಾಗಿಲನ್ನೊಮ್ಮೆ ನೋಡಿದರು. ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ‘ಅವರು ಚೆನ್ನೈಯಲ್ಲಿ ತಟ್ಟುತ್ತಾರೆ. ನಾವು ಇಲ್ಲಿ ಬಾಳಬೇಕು’ ಎಂದರು.

ಅಮ್ಮಿಯನ್ನು ಅಂಜುಬುರುಕಿ ಎಂದು ಕರೆಯಲು ನಮ್ಮಿಂದಾಗದು. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಯ ನೆಪದಲ್ಲಿ ಈ ಊರು ಹೇಗೆ ಹೊತ್ತಿ ಉರಿಯಿತೆಂದು ಅವರು ಕಂಡಿದ್ದರು. ಅದೇ ಟಿ.ವಿ., ಅದೇ ಭಾಷೆ. ಬಾಗಿಲು ತೆರೆದಿಟ್ಟು ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬ ಲೆಕ್ಕ ಅವರ ತಲೆಯಲ್ಲಿ ಸದಾ ನಡೆಯುತ್ತಿತ್ತು. ಆದರೂ ಚೆನ್ನೈಯ ಆ ಜನರ ಬಗ್ಗೆ ನಮಗಿರುವ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಅವರು ತಮ್ಮ ಸೋಲಿನ ದುಃಖವನ್ನು ಹೊತ್ತುಕೊಂಡೇ ಎದ್ದು ನಿಂತರು. ದುಃಖವಿಲ್ಲದವನ ಚಪ್ಪಾಳೆಗೆ ಅಷ್ಟು ಬೆಲೆಯಿಲ್ಲ. ನಮ್ಮ ಮನೆಯಲ್ಲಿ ತಟ್ಟಿದ್ದೂ ಅದೇ ದುಃಖದ ಚಪ್ಪಾಳೆ. ತೆಂಡೂಲ್ಕರ್ ಔಟಾದಾಗ ಅಬ್ಬಾ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟವರು ಮತ್ತೆ ಮುಟ್ಟಿರಲಿಲ್ಲ. ಆದರೆ ಅದು ಮುಚ್ಚಿದ ಬಾಗಿಲಿನ ಹಿಂದಿನ ಚಪ್ಪಾಳೆಯಾಗಿ ಉಳಿಯಿತು.

ಅಬ್ಬಾ ನೋಡಿದ ಕೊನೆಯ ಭಾರತ–ಪಾಕ್ ಟೆಸ್ಟ್ 2007ರ ಡಿಸೆಂಬರಿನದು. ಅದೂ ಬೆಂಗಳೂರಿನಲ್ಲೇ. ಗಂಗೂಲಿ 239, ಬರೋಡದ ಇರ್ಫಾನ್ ಪಠಾಣ್ 102. ಕೊನೆಯ ದಿನ ನಮ್ಮ ಅನಿಲ್ ಕುಂಬ್ಳೆ ಐದು ವಿಕೆಟ್ ಕಿತ್ತರು. ಪಾಕಿಸ್ತಾನದ ಏಳು ವಿಕೆಟ್ ಬಿದ್ದಿದ್ದಾಗ ಬೆಳಕು ಸಾಲದೆ ಆಟ ನಿಂತಿತು, ಡ್ರಾ. ಆಮೇಲೆ ಎರಡು ದೇಶಗಳ ನಡುವೆ ಟೆಸ್ಟೇ ನಡೆದಿಲ್ಲ. ನಮ್ಮ ಮಗ ಹುಟ್ಟಿದ್ದು ಅದಾದ ಐದಾರು ವರ್ಷಕ್ಕೆ. ಅವನು ಕಂಡದ್ದೆಲ್ಲ ಮೂರು ಗಂಟೆಯ ಆಟ, ಅದಕ್ಕೂ ಮುಂಚೆ ಮೂರು ವಾರದ ಯುದ್ಧದ ಜಾಹೀರಾತು. ಐದು ದಿನದ ಆಟದಲ್ಲಿ ಎದುರಾಳಿಯ ಮುಖ ಪರಿಚಯವಾಗುತ್ತದೆ, ಅವನ ಸುಸ್ತು, ಅವನ ನಗು, ಅವನು ಬೂಟಿನ ಲೇಸು ಕಟ್ಟುವ ರೀತಿ. ಮೂರು ಗಂಟೆಯಲ್ಲಿ ಅಂಗಿಯ ಬಣ್ಣ ಮಾತ್ರ ಕಾಣುತ್ತದೆ.

ಆ ಏಷ್ಯಾ ಕಪ್ಪಿನಲ್ಲಂತೂ ಸೆಪ್ಟೆಂಬರ್ 14ರ ಪಂದ್ಯದ ಟಾಸಿನಲ್ಲೇ ನಾಯಕರು ಕೈಕುಲುಕಲಿಲ್ಲ, ಆಟ ಮುಗಿದ ಮೇಲೂ ನಮ್ಮವರು ಕೈಕೊಡದೆ ಒಳನಡೆದರು. 21ರ ಪಂದ್ಯದಲ್ಲಿ ಅರ್ಧ ಶತಕ ಹೊಡೆದ ಸಾಹಿಬ್‌ಜಾದಾ ಫರ್ಹಾನ್ ಬ್ಯಾಟನ್ನು ಬಂದೂಕಿನ ಹಾಗೆ ಹಿಡಿದು ತೋರಿಸಿದರು. ಅದನ್ನು ನೋಡಿ ನಮಗೆ ಹೇಸಿಗೆಯಾಯಿತು. ಅದೇ ವರ್ಷದ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಬಂದೂಕುಗಳು 26 ಜನರನ್ನು ಕೊಂದಿದ್ದವು. ಸತ್ತವರಲ್ಲಿ ನಮ್ಮ ಬೆಂಗಳೂರಿನವರೂ ಶಿವಮೊಗ್ಗದವರೂ ಇದ್ದರು. ಆ ಮನೆಗಳ ದುಃಖದ ಮುಂದೆ ಕ್ರಿಕೆಟ್ಟಿನ ಶಿಷ್ಟಾಚಾರದ ಮಾತು ಬಹಳ ಸಣ್ಣದು. ಈ ದುಃಖದಲ್ಲಿ ಆಡಲಾರೆವು ಎಂದು ಹೇಳಿದ್ದರೆ ನಾವು ತಲೆಬಾಗುತ್ತಿದ್ದೆವು. ಆಡುವುದು, ಟಿಕೆಟ್ಟು ಮಾರುವುದು, ಜಾಹೀರಾತಿನ ಹಣ ಎಣಿಸಿಕೊಳ್ಳುವುದು, ಕೊನೆಗೆ ಕೈಮಾತ್ರ ಕೊಡದಿರುವುದು, ಇದರಲ್ಲಿ ಸತ್ತವರಿಗೆ ಸಂದ ಗೌರವ ಯಾವುದೆಂದು ನಮಗೆ ತಿಳಿಯಲಿಲ್ಲ. ಈ ವಿಷಯದಲ್ಲಿ ಓದುಗರ ಅಭಿಪ್ರಾಯ ಬೇರೆ ಇರಬಹುದು. ಆದರೆ ಈ ಗಾಳಿಯಲ್ಲಿ ಬೆಳೆಯುತ್ತಿರುವ ಹುಡುಗನೊಬ್ಬ, ಆ ಬೌಲರ್ ಚೆನ್ನಾಗಿ ಹಾಕಿದ ಎಂದು ತಾನಾಗಿ ಗುರುತಿಸಿದ್ದ. ಕಣ್ಣು ಇನ್ನೂ ಕೆಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅವನು ಬ್ಯಾಟು ತೆಗೆದುಕೊಂಡು ಹೋಗಿಯಾಗಿತ್ತು. ಹತ್ತೂವರೆಗೆ ಧೂಳು ಮೆತ್ತಿಕೊಂಡು ಬಂದ. ನಾವು ಪೇಪರಿನಿಂದ ತಲೆಯೆತ್ತದೆ, ‘ಮ್ಯಾಚ್ ಬಗ್ಗೆ ಏನಾದರೂ ಮಾತಾಯ್ತಾ?’ ಎಂದು ಕೇಳಿದೆವು.

‘ಹೂಂ. ಫಹೀಮ್ ಚೆನ್ನಾಗಿ ಹಾಕಿದ ಅಂದೆ.’

‘ಯಾರು ಏನಂದರು?’

‘ತಿಲಕ್ ಇನ್ನೂ ಚೆನ್ನಾಗಿ ಆಡಿದ ಅಂದರು. ಹೌದು ಅಂದೆ.’ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದು ಕುಡಿಯುತ್ತಾ, ‘ಅಬ್ಬಾ, ಹೊಸ ಬಾಲ್ ಬೇಕು, ಹಳೇದು ಚರಂಡಿಗೆ ಬಿತ್ತು’ ಎಂದ.

ನಮಗೆ ಹೆಮ್ಮೆಯಾಗಬೇಕಿತ್ತು. ಮೊದಲು ಆದದ್ದು ಏನೂ ಆಗಲಿಲ್ಲವಲ್ಲ ಎಂಬ ಸಮಾಧಾನ. ಹೆಮ್ಮೆ ಬರುವಷ್ಟರಲ್ಲಿ ಅವನು ಚೆಂಡಿನ ದುಡ್ಡು ಇಸಿದುಕೊಂಡು ಮೆಟ್ಟಿಲಿಳಿದಿದ್ದ.

ಎಡಗೈಯ ಆ ಗೆಳೆಯ ಈಗ ಯಲಹಂಕದಲ್ಲಿದ್ದಾನೆ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಮದುವೆ, ವಲೀಮಾಗಳಲ್ಲಿ ಭೇಟಿಯಾಗುತ್ತೇವೆ, ಈದ್‌ಗೆ ಫೋನ್ ಮಾಡುತ್ತಾನೆ. ಕಳೆದ ಸಲ ಸಿಕ್ಕಾಗ ನಮ್ಮ ಮಗನನ್ನು ಪಕ್ಕಕ್ಕೆ ಕರೆದು, ಚೆಂಡು ಬಿಡುವಾಗ ಮಣಿಕಟ್ಟು ಹೇಗಿರಬೇಕೆಂದು ಒಂದು ಕಿತ್ತಳೆ ಹಣ್ಣು ಹಿಡಿದು ತೋರಿಸುತ್ತಿದ್ದ. ಜಾಮಿಟ್ರಿ ಬಾಕ್ಸಿನ ಮಾತನ್ನು ಅವನು ಎತ್ತಲಿಲ್ಲ. ನಾವೂ ಎತ್ತಿಲ್ಲ.